ಹೆಣ್ಣುಮಗುವಿಗೆ ಬದುಕಿಡೀ ಒಪ್ಪುವ ಹೆಸರು: ಕೊಡಗಿನ ತಂದೆ-ತಾಯಂದಿರಿಗೊಂದು ಸಮಗ್ರ ಮಾರ್ಗದರ್ಶಿ

ಹೆಣ್ಣುಮಗುವಿಗೆ ಹೆಸರು ಹುಡುಕುವವರ ಕಣ್ಣೆದುರು ಇರುವುದು ತೊಟ್ಟಿಲಿನ ಕೂಸು. ಹಾಗಾಗಿ ತೊಟ್ಟಿಲಿಗೆ ಒಪ್ಪುವ ಹೆಸರುಗಳೇ ಮೊದಲು ಹೊಳೆಯುತ್ತವೆ. ಆದರೆ ಅವಳು ಕೂಸಾಗಿರುವುದು ಕೆಲವೇ ವರ್ಷ. ಉಳಿದ ಕಾಲವೆಲ್ಲ ಅದೇ ಹೆಸರನ್ನು ವಿದ್ಯಾರ್ಥಿನಿಯಾಗಿ, ಉದ್ಯೋಗಸ್ಥೆಯಾಗಿ, ತೋಟದ ಲೆಕ್ಕ ನೋಡುವವಳಾಗಿ, ಮನೆಯ ಹಿರಿಯಳಾಗಿ ಬಳಸುತ್ತಾಳೆ. ಕೊಡಗಿನಲ್ಲಿ ಇದರ ಜೊತೆಗೆ ಇನ್ನೊಂದು ಸಂಗತಿಯೂ ಇದೆ. ಇಲ್ಲಿನ ಕೊಡವ ಕುಟುಂಬಗಳಲ್ಲಿ ಹುಡುಗಿಯ ಹೆಸರಿಗೆ ಮೊದಲು ಒಕ್ಕದ, ಅಂದರೆ ಮನೆತನದ, ಹೆಸರು ಬರುತ್ತದೆ, ಕೊನೆಗೆ ಅನೇಕ ವೇಳೆ ತಂದೆಯ ಹೆಸರು ಸೇರುತ್ತದೆ. ಮದುವೆಯ ದಿನ ಸಮ್ಮಂಧ ಅಡ್‌ಕುವ ಶಾಸ್ತ್ರ ಮುಗಿದು ಅವಳು ಗಂಡನ ಒಕ್ಕಕ್ಕೆ ಸೇರಿದ ಮೇಲೆ ಈ ಎರಡೂ ಬದಲಾಗುವುದು ರೂಢಿ. ಆಗಲೂ ಅವಳದಾಗಿಯೇ ಉಳಿಯುವುದು ನೀವು ಆರಿಸಿ ಇಟ್ಟ ನಡುವಿನ ಹೆಸರೊಂದೇ. ಆ ಹೆಸರು ಯಾರ ಆಸರೆಯೂ ಇಲ್ಲದೆ ಒಂಟಿಯಾಗಿ ನಿಲ್ಲಬಲ್ಲದೇ ಎಂಬುದೇ ಈ ಮಾರ್ಗದರ್ಶಿಯ ಉದ್ದಕ್ಕೂ ನಾವು ಹಿಡಿಯುವ ಒರೆಗಲ್ಲು.

ಕೊಡಗಿನ ಚರಿತ್ರೆಯಲ್ಲಿಯೇ ಇದಕ್ಕೆ ಎರಡು ನಿದರ್ಶನಗಳಿವೆ. ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳನ್ನು 1852ರಲ್ಲಿ ಇಂಗ್ಲೆಂಡಿಗೆ ಕರೆದೊಯ್ದು ಕ್ರೈಸ್ತ ದೀಕ್ಷೆ ಕೊಡಿಸಿದಾಗ ರಾಣಿ ವಿಕ್ಟೋರಿಯಾ ಅವಳ ಧರ್ಮಮಾತೆಯಾಗಿ ನಿಂತಳು, ತನ್ನ ಹೆಸರನ್ನೂ ಕೊಟ್ಟಳು. ಆದರೂ ಕೊಡಗಿನವರ ಬಾಯಲ್ಲಿ ಅವಳು ಇಂದಿಗೂ ರಾಜಕುಮಾರಿ ಗೌರಮ್ಮ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಕನ್ನಡದ ಕತೆಗಾರ್ತಿ ತಮ್ಮ ಕತೆಗಳನ್ನು ಮಿಸೆಸ್ ಬಿ.ಟಿ.ಜಿ. ಕೃಷ್ಣ ಎಂಬ ಹೆಸರಿನಲ್ಲಿ, ಅಂದರೆ ಗಂಡನ ಹೆಸರಿನಲ್ಲಿ, ಪ್ರಕಟಿಸಿದರು. ಕನ್ನಡ ಸಾಹಿತ್ಯ ಅವರನ್ನು ಕೊಡಗಿನ ಗೌರಮ್ಮ ಎಂದೇ ಗುರುತಿಸುತ್ತದೆ. ಹುಟ್ಟಿದಾಗ ಇಟ್ಟ ಹೆಸರೇ ಎರಡೂ ಕಡೆ ಉಳಿದುಬಂದಿದೆ.

ಮೊದಲಿಗೆ: ಅವಸರವನ್ನು ಬದಿಗಿಡಿ

ಹೆರಿಗೆಯಾದ ಆಸ್ಪತ್ರೆಯಲ್ಲಿ ನಮೂನೆ ತುಂಬುವ ಸಿಬ್ಬಂದಿ ಹೆಸರು ಕೇಳಿದ ಕೂಡಲೇ ಗಾಬರಿಯಿಂದ ಯಾವುದೋ ಒಂದನ್ನು ಹೇಳಿಬಿಡುವವರಿದ್ದಾರೆ. ಹಾಗೆ ಮಾಡಬೇಕಾಗಿಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು ಎಂಬುದು ನಿಜ, ಆದರೆ ಹೆಸರಿಲ್ಲದೆಯೂ ಜನನ ನೋಂದಣಿಯಾಗುತ್ತದೆ. ಹಾಗೆ ನೋಂದಾಯಿಸಿದ ದಿನದಿಂದ 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ಆ ಬಳಿಕವೂ ನಿಗದಿತ ಶುಲ್ಕ ಕಟ್ಟಿ 15 ವರ್ಷಗಳವರೆಗೆ ಸೇರಿಸಲು ಅವಕಾಶವಿದೆ. ಅಷ್ಟು ಕಾಲ ಎಳೆಯುವುದು ಜಾಣತನವಲ್ಲ, ಆದರೆ ಎರಡು ಮೂರು ತಿಂಗಳು ಯೋಚಿಸಲು ಕಾನೂನು ಅಡ್ಡಬರುವುದಿಲ್ಲ.

ಸಂಪ್ರದಾಯದ ಗಡುವು ಬೇರೆ. ಸೂತಕ ಕಳೆದ ಮೇಲೆ ತೊಟ್ಟಿಲಿಗೆ ಹಾಕಿ ಹೆಸರಿಡುವ ಮನೆಗಳಿವೆ, ಮುಸ್ಲಿಂ ಕುಟುಂಬಗಳಲ್ಲಿ ಏಳನೆಯ ದಿನ ಹೆಸರಿಡುವ ಕ್ರಮವಿದೆ. ಶಾಸ್ತ್ರದ ದಿನ ಕಿವಿಯಲ್ಲಿ ಹೇಳಿದ ಹೆಸರನ್ನೇ ಮರುದಿನ ಕಚೇರಿಯಲ್ಲಿ ಬರೆಸಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. ಸಾಧ್ಯವಾದರೆ ಹೆರಿಗೆಗೆ ಮೊದಲೇ ಏಳೆಂಟು ಹೆಸರುಗಳ ಪಟ್ಟಿ ಮಾಡಿಟ್ಟುಕೊಳ್ಳಿ. ತಾಯಿಯಾಗಲಿರುವವಳ ಮಾತಿಗೆ ಆ ಪಟ್ಟಿಯಲ್ಲಿ ಮೊದಲ ಸ್ಥಾನ ಇರಲಿ. ಎಷ್ಟೋ ಮನೆಗಳಲ್ಲಿ ಹೆಸರಿನ ಚರ್ಚೆಯೆಲ್ಲ ಜಗಲಿಯಲ್ಲಿ ನಡೆದು ಬಾಣಂತಿಯ ಕೋಣೆಗೆ ತೀರ್ಮಾನ ಮಾತ್ರ ತಲುಪುತ್ತದೆ. ಇದು ಬದಲಾಗಬೇಕು ಎಂದು ನಾನು ದೃಢವಾಗಿ ನಂಬುತ್ತೇನೆ.

ಪೂರ್ತಿ ಹೆಸರನ್ನು ಎಲ್ಲ ರೂಪಗಳಲ್ಲಿ ಬರೆದು ನೋಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಪಟ್ಟಿಯ ಪ್ರತಿಯೊಂದು ಹೆಸರನ್ನೂ ಒಂದೊಂದು ಹಾಳೆಯ ಮೇಲೆ ನಾಲ್ಕು ಬಗೆಯಲ್ಲಿ ಬರೆಯಿರಿ. ಮೊದಲ ಸಾಲಿನಲ್ಲಿ ಒಕ್ಕದ ಅಥವಾ ಕುಟುಂಬದ ಹೆಸರು, ತಂದೆಯ ಹೆಸರು, ಮಗುವಿನ ಹೆಸರು ಎಲ್ಲವೂ ಬಿಡಿಸಿ ಇರಲಿ. ಎರಡನೆಯ ಸಾಲಿನಲ್ಲಿ ಮೊದಲಿನ ಎರಡನ್ನು ಇನಿಷಿಯಲ್ಲುಗಳಾಗಿ ಮಾಡಿ. ಮೂರನೆಯದರಲ್ಲಿ ಮಗುವಿನ ಹೆಸರನ್ನು ಮೊದಲಿಗೂ ತಂದೆಯ ಹೆಸರನ್ನು ಕೊನೆಗೂ ಇಡಿ. ನಾಲ್ಕನೆಯದರಲ್ಲಿ ಮಗುವಿನ ಹೆಸರೊಂದನ್ನೇ ಬರೆದು ಅದರ ಸುತ್ತ ಜಾಗ ಬಿಡಿ.

ನಮ್ಮ ಕ್ರೀಡಾಪಟುಗಳ ಹೆಸರುಗಳನ್ನೇ ಗಮನಿಸಿ. ಮಾಚೆಟ್ಟಿರ ರಾಜು ಪೂವಮ್ಮ ಅವರು ಓಟದ ಅಂಕಣದಲ್ಲಿ ಎಂ.ಆರ್. ಪೂವಮ್ಮ, ಅಲ್ಲಿ ಒಕ್ಕ ಮತ್ತು ತಂದೆ ಎರಡಕ್ಷರಗಳಿಗೆ ಇಳಿದು, ಕೂಗಿ ಕರೆಯುವ ಭಾರವೆಲ್ಲ ಪೂವಮ್ಮ ಎಂಬ ಹೆಸರಿನ ಮೇಲೆ ನಿಂತಿದೆ. ಅಶ್ವಿನಿ ನಾಚಪ್ಪ ಮತ್ತು ಅಶ್ವಿನಿ ಪೊನ್ನಪ್ಪ ಇವರಲ್ಲಿ ಕ್ರಮ ತಿರುಗಿದೆ. ಒಬ್ಬರು ಓಟಗಾರ್ತಿ, ಇನ್ನೊಬ್ಬರು ಬ್ಯಾಡ್ಮಿಂಟನ್ ಆಟಗಾರ್ತಿ. ಒಂದೇ ಜಿಲ್ಲೆಯ ಮೂಲ, ಒಂದೇ ಹೆಸರು, ಇಬ್ಬರನ್ನು ಬೇರೆಬೇರೆಯಾಗಿ ಗುರುತಿಸಲು ಕೊನೆಯ ಹೆಸರೇ ಬೇಕಾಗುತ್ತದೆ. ಬಳಕೆಯಲ್ಲಿ ಹೆಚ್ಚಾಗಿರುವ ಹೆಸರನ್ನು ಇಡಬಾರದೆಂದು ಇದರಿಂದ ಅರ್ಥ ಮಾಡಿಕೊಳ್ಳಬೇಡಿ. ಹಾಗೆ ಇಡುವಾಗ ಅದರ ಜೊತೆಗೆ ಬರುವ ಹೆಸರು ದಾಖಲೆಯಲ್ಲಿ ಬಿಡಿಸಿ ಇರಬೇಕು ಎಂಬುದಷ್ಟೇ ಇಲ್ಲಿಯ ತಾತ್ಪರ್ಯ.

ಉದ್ದದ ಲೆಕ್ಕವನ್ನೂ ಈ ಹಾಳೆಯ ಮೇಲೆಯೇ ಹಾಕಿಕೊಳ್ಳಿ. ಅಂಡ, ಇರ, ಮಾಡ ಎಂದು ಕೊನೆಗೊಳ್ಳುವ ಒಕ್ಕದ ಹೆಸರುಗಳು ನಾಲ್ಕೈದು ಅಕ್ಷರ ತೆಗೆದುಕೊಳ್ಳುತ್ತವೆ, ತಂದೆಯ ಹೆಸರು ಇನ್ನೊಂದು ಮೂರು. ಅದರ ಮುಂದೆ ಐದು ಅಕ್ಷರದ ಸಂಸ್ಕೃತ ಹೆಸರನ್ನೂ ಇಟ್ಟರೆ ಪರೀಕ್ಷೆಯ ಅರ್ಜಿಯ ಚೌಕಗಳಲ್ಲಿ ಹೆಸರು ಹಿಡಿಸದೆ ಹೋಗುತ್ತದೆ. ಒಕ್ಕದ ಹೆಸರು ಉದ್ದವಾಗಿದ್ದರೆ ಮಗುವಿನ ಹೆಸರು ಎರಡರಿಂದ ನಾಲ್ಕು ಅಕ್ಷರದೊಳಗೆ ಇರಲಿ. ಸೋಮವಾರಪೇಟೆ, ಕುಶಾಲನಗರದ ಕಡೆ ಊರಿನ ಮತ್ತು ತಂದೆಯ ಇನಿಷಿಯಲ್ಲುಗಳನ್ನಷ್ಟೇ ಬಳಸುವ ಮನೆಗಳಿಗೆ ಈ ಕಟ್ಟುಪಾಡು ಅಷ್ಟಾಗಿ ಅನ್ವಯಿಸದು. ಇನಿಷಿಯಲ್ಲು ಮತ್ತು ಹೆಸರಿನ ಮೊದಲಕ್ಷರ ಸೇರಿ ಇಂಗ್ಲಿಷಿನಲ್ಲಿ ಯಾವುದಾದರೂ ನಗೆಪಾಟಲಿನ ಪದವಾಗುತ್ತದೆಯೇ ಎಂಬುದನ್ನೂ ಒಮ್ಮೆ ನೋಡಿಬಿಡಿ. ಶಾಲೆಯ ಮಕ್ಕಳು ಅದನ್ನು ಒಂದು ವಾರದೊಳಗೆ ಕಂಡುಹಿಡಿಯುತ್ತಾರೆ.

ಕೊನೆಗೆ ನಾಲ್ಕನೆಯ ಸಾಲಿಗೆ ಬನ್ನಿ. ಒಕ್ಕದ ಹೆಸರನ್ನೂ ತಂದೆಯ ಹೆಸರನ್ನೂ ಬೆರಳಿನಿಂದ ಮುಚ್ಚಿ ಓದಿದಾಗ ಹೆಸರು ಅರ್ಧಕ್ಕೆ ನಿಂತಂತೆ ಕೇಳುತ್ತದೆಯೇ, ಪೂರ್ತಿಯಾಗಿದೆಯೇ? ಕೇವಲ ಮುದ್ದಿಗಾಗಿ ಕಟ್ಟಿದ ಹೆಸರುಗಳು ಇಲ್ಲಿಯೇ ಉದುರಿಹೋಗುತ್ತವೆ.

ಮನೆಯ ಹಳೆಯ ಹೆಸರುಗಳನ್ನು ಕೇಳಿ ತಿಳಿಯಿರಿ

ಹೆಸರಿನ ಪಟ್ಟಿಗಾಗಿ ಮೊಬೈಲು ತೆರೆಯುವ ಮುನ್ನ ಒಕ್ಕದ ಮೂಲಮನೆಯಾದ ಐನ್‌ಮನೆಯ ಹಿರಿಯರ ಬಳಿ ಒಂದು ಸಂಜೆ ಕುಳಿತುಕೊಳ್ಳಿ. ತಂದೆಯ ಕಡೆಯ ಹೆಂಗಸರ ಹೆಸರುಗಳು, ತವರಿನ ಕಡೆಯ ಹೆಸರುಗಳು, ಮುತ್ತಜ್ಜಿಯ ಅಕ್ಕತಂಗಿಯರ ಹೆಸರುಗಳು ಎಲ್ಲವನ್ನೂ ಬರೆದುಕೊಳ್ಳಿ. ವಂಶವೃಕ್ಷದಲ್ಲಿ ಗಂಡಸರ ಹೆಸರುಗಳು ಇರುತ್ತವೆ, ಹೆಂಗಸರ ಹೆಸರುಗಳು ಬಹಳ ಕಡೆ ಬಾಯಿಮಾತಿನಲ್ಲಿ ಮಾತ್ರ ಉಳಿದಿವೆ. ಕೇಳುವವರಿಲ್ಲದಿದ್ದರೆ ಅವೂ ಹೋಗುತ್ತವೆ. ಕಾವೇರಮ್ಮ, ಪೊನ್ನಮ್ಮ, ಮುತ್ತಮ್ಮ, ಬೊಳ್ಳಮ್ಮ, ದೇಚಮ್ಮ, ಪೂವಮ್ಮ, ಚೋಂದಮ್ಮ, ನೀಲಮ್ಮ, ತಂಗಮ್ಮ: ಇಂತಹ ಹೆಸರುಗಳು ನಿಮಗೆ ಸಿಗುತ್ತವೆ.

ಇವು ಅಜ್ಜಿಯರ ಹೆಸರುಗಳಾದವು, ಹಸುಗೂಸಿಗೆ ಹೇಗೆ ಇಡುವುದು ಎಂದು ಎಳೆಯ ದಂಪತಿಗಳು ಹಿಂಜರಿಯುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧವಾಗಿದೆ. ಈ ಹೆಸರುಗಳು ದೊಡ್ಡ ಹೆಂಗಸಿನ ಮೈಗೆ ಅಳೆದು ಹೊಲಿದ ಬಟ್ಟೆಯ ಹಾಗೆ. ಮಗು ಅದರೊಳಕ್ಕೆ ಬೆಳೆಯುತ್ತದೆ, ಅದನ್ನು ಮೀರಿ ಬೆಳೆಯುವ ಪ್ರಸಂಗವೇ ಬರುವುದಿಲ್ಲ. ಬಾಲ್ಯಕ್ಕೆ ಬೇಕಾದ ಮುದ್ದು ರೂಪ ಅದರೊಳಗೇ ಇದೆ: ಪೊನ್ನಮ್ಮ ಮನೆಯಲ್ಲಿ ಪೊನ್ನು ಆಗುತ್ತಾಳೆ, ಮುತ್ತಮ್ಮ ಮುತ್ತು ಆಗುತ್ತಾಳೆ, ದೇಚಮ್ಮ ದೇಚು ಆಗುತ್ತಾಳೆ. ಹೆಸರಿನೊಳಗೆ ಅಡಗಿರುವ ಮುದ್ದನ್ನು ಬಿಡಿಸಿಕೊಳ್ಳುವುದು ಸುಲಭ. ಮುದ್ದಿನ ಹೆಸರನ್ನೇ ದಾಖಲೆಗೆ ಹಾಕಿದರೆ ಮುಂದೆ ಅದಕ್ಕೆ ಗಾಂಭೀರ್ಯ ತಂದುಕೊಡುವುದು ಕಷ್ಟ. ಇನ್ನೊಂದು ಲಾಭವೂ ಇದೆ. ಈ ಹೆಸರುಗಳನ್ನು ಕೇಳಿದರೆ ಕೊಡಗಿನಾಚೆಯ ಕನ್ನಡಿಗರಿಗೂ ಇವಳು ಯಾವ ನಾಡಿನವಳೆಂದು ತಿಳಿಯುತ್ತದೆ, ಒಕ್ಕದ ಹೆಸರು ಬದಲಾದ ಮೇಲೂ ತಿಳಿಯುತ್ತದೆ.

ಅಮ್ಮ ಎಂಬ ಕೊನೆ ಒಗ್ಗದಿದ್ದರೆ ಕಾವೇರಿ, ನೀಲಾ, ಗೌರಿ, ಗಂಗಾ ಎಂಬ ರೂಪಗಳನ್ನು ಬಳಸಬಹುದು. ಹಳೆಯದನ್ನು ಎರಡನೆಯ ಹೆಸರಾಗಿ ಇಡುವವರೂ ಇದ್ದಾರೆ. ಎರಡನೆಯ ಹೆಸರಾಗಿ ಇಟ್ಟದ್ದು ಕಾಲಕ್ರಮೇಣ ಒಂದು ಇನಿಷಿಯಲ್ಲಾಗಿ ಕರಗಿಹೋಗುವುದೇ ಹೆಚ್ಚು, ಆದ್ದರಿಂದ ಇಷ್ಟವಿದ್ದರೆ ಅದನ್ನೇ ಮೊದಲ ಹೆಸರಾಗಿ ಇಡಿ ಎಂಬುದು ನನ್ನ ಸಲಹೆ.

ಬದುಕಿರುವ ಹಿರಿಯರ ಹೆಸರನ್ನು ಇಡುವುದಾದರೆ ಒಂದು ಮಾತನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳದ ಮನೆಗಳು ಇನ್ನೂ ಇವೆ. ಅಂಥ ಮನೆಯಲ್ಲಿ ಅತ್ತೆಯ ಹೆಸರನ್ನೇ ಹೊತ್ತ ಮಗಳನ್ನು ಗದರುವಾಗ ತಾಯಿಗೆ ನಾಲಿಗೆ ಹೊರಳುವುದಿಲ್ಲ. ಕೊನೆಗೆ ಎಲ್ಲರೂ ಬೇರೊಂದು ಹೆಸರಿನಿಂದಲೇ ಕರೆಯತೊಡಗಿ ಇಟ್ಟ ಹೆಸರು ಕಾಗದದ ಮೇಲೆ ಉಳಿಯುತ್ತದೆ. ಅಜ್ಜಿಯನ್ನೇ ಕೇಳಿ, ಒಪ್ಪಿಗೆ ಪಡೆದು, ಕರೆಯುವ ಹೆಸರನ್ನೂ ಆಗಲೇ ನಿರ್ಧರಿಸಿ.

ನಕ್ಷತ್ರದ ಅಕ್ಷರ ಬಂದಾಗ

ಜನ್ಮನಕ್ಷತ್ರದ ಪಾದಕ್ಕೆ ತಕ್ಕ ಅಕ್ಷರದಿಂದ ಹೆಸರು ಆರಂಭವಾಗಬೇಕೆಂದು ಬಯಸುವ ಕುಟುಂಬಗಳು ಸಾಕಷ್ಟಿವೆ. ರೋಹಿಣಿಗೆ ಓ, ವಾ, ವೀ, ವು, ಮೃಗಶಿರಕ್ಕೆ ವೆ, ವೋ, ಕಾ, ಕೀ ಹೀಗೆ ಪಟ್ಟಿ ಸಾಗುತ್ತದೆ. ಕಾ ಬಂದರೆ ಕಾವೇರಿಗೆ ದಾರಿಯಾಯಿತು, ವೀ ಬಂದರೆ ವೀಣಾ ಇದೆ. ತೊಡಕು ಬರುವುದು ಆರ್ದ್ರೆಯ ಘ, ಙ, ಛ, ಹಸ್ತದ ಷ, ಣ, ಠ, ಉತ್ತರಾಭಾದ್ರೆಯ ಝ, ಞ ಇಂಥವು ಬಂದಾಗ. ಈ ಅಕ್ಷರಗಳಿಗೆ ಹೆಸರು ಹುಡುಕಲು ಹೊರಟವರು ಅರ್ಥವಿಲ್ಲದ ಹೊಸ ಪದಗಳನ್ನು ಕಟ್ಟಿ ಮಗುವಿಗೆ ಹೊರಿಸುತ್ತಾರೆ. ಅದಕ್ಕೆ ಶಾಸ್ತ್ರದ ಒತ್ತಾಯವಿಲ್ಲ. ನಕ್ಷತ್ರನಾಮ ಬೇರೆ, ವ್ಯಾವಹಾರಿಕ ನಾಮ ಬೇರೆ ಎಂಬ ವಿಂಗಡಣೆ ಸಂಪ್ರದಾಯದಲ್ಲಿಯೇ ಇದೆ; ನಕ್ಷತ್ರದ ಹೆಸರನ್ನು ಕಿವಿಯಲ್ಲಿ ಹೇಳಿ, ಪೂಜೆ ಸಂಕಲ್ಪಕ್ಕೆ ಮೀಸಲಿಟ್ಟು, ಲೋಕಕ್ಕೆ ಬೇರೆ ಹೆಸರನ್ನು ಕೊಡಬಹುದು. ಪುರೋಹಿತರೊಡನೆ ಹೀಗೆಂದು ಮಾತನಾಡಿದರೆ ಹೆಚ್ಚಿನವರು ಒಪ್ಪುತ್ತಾರೆ.

ಸಂಖ್ಯಾಶಾಸ್ತ್ರದ ವಿಚಾರದಲ್ಲಿ ಮಾತ್ರ ನಾನು ಕಟುವಾಗಿಯೇ ಹೇಳುತ್ತೇನೆ: ಲೆಕ್ಕ ಕೂಡಿಸಲೆಂದು ಇಂಗ್ಲಿಷಿನಲ್ಲಿ ಒಂದು ಎ ಅಥವಾ ಎಚ್ ಹೆಚ್ಚಿಸಬೇಡಿ. ಆ ಹೆಚ್ಚುವರಿ ಅಕ್ಷರವನ್ನು ಪ್ರತಿ ಕಚೇರಿಯಲ್ಲಿ ಬಾಯಿಬಿಟ್ಟು ಹೇಳಿ ಬರೆಸುವ ಕೆಲಸ ಜೀವನಪೂರ್ತಿ ಅವಳ ಪಾಲಿಗೆ ಬರುತ್ತದೆ.

ಕೂಗಿ ನೋಡಿ, ಬೇರೆಯವರಿಂದ ಕೂಗಿಸಿ

ಕೊಡಗಿನಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ತೋಟದ ನಡುವೆ ಒಂದು ಮನೆ, ಗದ್ದೆಯಾಚೆ ಇನ್ನೊಂದು. ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆ ಹೆಂಚಿನ ಮೇಲೆ ಸುರಿಯುತ್ತಿರುವಾಗ ಕಾಫಿ ಕಣದ ಅಂಚಿನಿಂದ ಮಗಳನ್ನು ಕರೆಯಬೇಕಾದರೆ ಹೆಸರಿನ ಕೊನೆಯ ಸ್ವರವನ್ನು ಎಳೆಯಲು ಬರಬೇಕು. ಕಾವೇರಿ, ಗೌರಿ, ನೀಲಾ ಇವೆಲ್ಲ ಎಳೆದಷ್ಟೂ ದೂರ ಹೋಗುತ್ತವೆ. ವ್ಯಂಜನದಲ್ಲಿ ತಟ್ಟನೆ ನಿಲ್ಲುವ ಹೊಸ ಬಗೆಯ ಹೆಸರುಗಳು ಮಳೆಯಲ್ಲಿ ಮುಳುಗಿಹೋಗುತ್ತವೆ. ಪಟ್ಟಿಯ ಹೆಸರುಗಳನ್ನು ಅಂಗಳದಲ್ಲಿ ನಿಂತು ನಿಜವಾಗಿಯೂ ಕೂಗಿ. ಒಮ್ಮೆ ಪ್ರೀತಿಯಿಂದ, ಒಮ್ಮೆ ಸಿಟ್ಟಿನಿಂದ.

ಆಮೇಲೆ ಬೇರೆ ಬಾಯಿಗಳಲ್ಲಿ ಕೇಳಿ. ನಮ್ಮ ಜಿಲ್ಲೆಯ ಒಂದು ತರಗತಿಯಲ್ಲಿಯೇ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಬ್ಯಾರಿ, ಕನ್ನಡ ಆಡುವ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಅವರೆಲ್ಲರ ನಾಲಿಗೆಗೂ ಸಲೀಸಾಗಿ ಬರುವ ಹೆಸರು ಅವಳಿಗೆ ಗೆಳತಿಯರನ್ನು ಹತ್ತಿರ ತರುತ್ತದೆ. ಮುಂದೆ ಬೆಂಗಳೂರಿಗೋ ಉತ್ತರದ ರಾಜ್ಯಗಳಿಗೋ ಹೋದಾಗ ಳಕಾರ ಲಕಾರವಾಗುವುದು ಖಂಡಿತ, ನಳಿನಿ ಅಲ್ಲಿ ನಲಿನಿ ಆಗುತ್ತಾಳೆ. ಅಷ್ಟು ಬದಲಾವಣೆಯನ್ನು ಹೆಸರು ತಾಳಿಕೊಂಡರೆ ಸಾಕು, ಅದಕ್ಕಾಗಿ ಒಳ್ಳೆಯ ಹೆಸರನ್ನು ಬಿಟ್ಟುಕೊಡಬೇಕಾಗಿಲ್ಲ.

ಅರ್ಥ, ಫ್ಯಾಷನ್ ಮತ್ತು ವಯಸ್ಸು

ಅಂತರ್ಜಾಲದ ಪಟ್ಟಿಗಳಲ್ಲಿ ಎಲ್ಲ ಹೆಸರಿಗೂ ಲಕ್ಷ್ಮಿ, ಬೆಳಕು, ದೇವರ ವರ ಎಂಬ ಅರ್ಥಗಳೇ ಕಾಣಿಸುತ್ತವೆ. ಒಂದು ಒಳ್ಳೆಯ ನಿಘಂಟಿನಲ್ಲಿ ನೋಡದೆ, ಅಥವಾ ಕನ್ನಡ ಸಂಸ್ಕೃತ ಬಲ್ಲ ಮೇಷ್ಟ್ರೊಬ್ಬರನ್ನು ಕೇಳದೆ ಅದನ್ನು ನಂಬಬೇಡಿ. ಮೈಮಾಟವನ್ನು ಹೊಗಳುವ ಹೆಸರುಗಳ ವಿಷಯದಲ್ಲಿ ಎಚ್ಚರವಿರಲಿ. ತೆಳುಮೈಯವಳೆಂಬ ಅರ್ಥದ ಹೆಸರು ಹದಿನಾರರ ಹುಡುಗಿಗೆ ನಿತ್ಯದ ಕಿರಿಕಿರಿಯಾಗಬಹುದು.

ಫ್ಯಾಷನ್ ಅರಿಯಲು ದೂರ ಹೋಗಬೇಕಿಲ್ಲ. ನಿಮ್ಮೂರಿನ ಅಂಗನವಾಡಿಯಲ್ಲಿ, ಶಾಲೆಯ ಒಂದನೆಯ ತರಗತಿಯಲ್ಲಿ ಈಗ ಯಾವ ಹೆಸರುಗಳು ಎರಡು ಮೂರು ಸಲ ಬಂದಿವೆ ಎಂದು ಟೀಚರನ್ನು ಕೇಳಿ. ಒಂದೇ ಕಾಲದಲ್ಲಿ ಎಲ್ಲರೂ ಇಡುವ ಹೆಸರು ಹುಟ್ಟಿದ ವರ್ಷವನ್ನು ಸಾರಿ ಹೇಳುತ್ತದೆ. ತಲೆಮಾರುಗಳ ಕಾಲ ಬಳಕೆಯಲ್ಲಿದ್ದ ಹೆಸರಿಗೆ ಆ ಗುರುತು ಇರುವುದಿಲ್ಲ.

ಈಗ ಉಳಿದ ಮೂರು ನಾಲ್ಕು ಹೆಸರುಗಳನ್ನು ವಯಸ್ಸಿನ ಮೇಲೆ ಇಟ್ಟು ನೋಡಿ. ಹಾಜರಿ ಕೂಗುವ ಧ್ವನಿಯಲ್ಲಿ ಓದಿ. ಮೊದಲಿಗೆ ಡಾಕ್ಟರ್ ಎಂದು, ಮೇಜರ್ ಎಂದು, ನ್ಯಾಯವಾದಿ ಎಂದು ಸೇರಿಸಿ ಓದಿ. ಸೈನ್ಯಕ್ಕೆ ಅಷ್ಟೊಂದು ಮಂದಿಯನ್ನು ಕೊಟ್ಟ ಜಿಲ್ಲೆಯಲ್ಲಿ ಮೇಜರ್ ಎಂಬುದು ಬರಿಯ ಕಲ್ಪನೆಯಲ್ಲ. ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಅಧ್ಯಕ್ಷೆಯ ಹೆಸರಾಗಿ ಊಹಿಸಿಕೊಳ್ಳಿ. ಮೊಮ್ಮಕ್ಕಳು ತಮ್ಮ ಅಜ್ಜಿಯ ಹೆಸರೆಂದು ಹೇಳುವಾಗ ಹೇಗೆ ಕೇಳುತ್ತದೆ ಎಂದು ಯೋಚಿಸಿ. ಬೇಬಿ, ಡಾಲಿ, ಚಿನ್ನು ಇವು ಮನೆಯೊಳಗೆ ಎಷ್ಟು ಸೊಗಸೋ ಈ ಪರೀಕ್ಷೆಯಲ್ಲಿ ಅಷ್ಟೇ ಸೊರಗುತ್ತವೆ. ಅವು ಮನೆಯಲ್ಲಿಯೇ ಇರಲಿ.

ಇಂಗ್ಲಿಷ್ ಅಕ್ಷರಗಳನ್ನು ಒಮ್ಮೆಗೇ ತೀರ್ಮಾನಿಸಿ

ಹೆಸರು ಗೊತ್ತಾದ ಮೇಲೆ ಅದನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಹೇಗೆ ಬರೆಯಬೇಕೆಂಬುದನ್ನು ಗೋಡೆಯ ಮೇಲೆ ಬರೆದಿಟ್ಟಂತೆ ಖಚಿತ ಮಾಡಿಕೊಳ್ಳಿ. ಕನ್ನಡದಲ್ಲಿಯೇ ಕಾವ್ಯ ಮತ್ತು ಕಾವ್ಯಾ, ಅನನ್ಯ ಮತ್ತು ಅನನ್ಯಾ ಎಂಬ ಎರಡು ರೂಪಗಳಿವೆ. ಪ್ರಮಾಣಪತ್ರದಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಆಗಬಾರದು. ಇಂಗ್ಲಿಷಿನಲ್ಲಿ ಗೊಂದಲ ಇನ್ನೂ ಹೆಚ್ಚು. ತಕಾರಕ್ಕೆ ನಾವು ದಕ್ಷಿಣದವರು ಟಿ ಮತ್ತು ಎಚ್ ಎರಡನ್ನೂ ಹಾಕುತ್ತೇವೆ, ಉತ್ತರದವರು ಟಿ ಒಂದನ್ನೇ ಹಾಕುತ್ತಾರೆ. ಕೃತಿ ಎಂಬ ಹೆಸರನ್ನು ನಮ್ಮ ಉಚ್ಚಾರಣೆಗೆ ತಕ್ಕಂತೆ ಯು ಹಾಕಿ ಬರೆಯುವವರೂ ಐ ಹಾಕಿ ಬರೆಯುವವರೂ ಇದ್ದಾರೆ. ಅಯ್ಯ ಎಂದು ಕೊನೆಗೊಳ್ಳುವ ತಂದೆಯ ಹೆಸರಿಗೆ ಕೊಡಗಿನಲ್ಲಿ ಐ, ಎ, ಎಚ್ ಬರೆಯುವ ಹಳೆಯ ರೂಢಿಯಿದೆ, ಹೊಸಬರು ವೈ ಹಾಕುತ್ತಾರೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ತಮ್ಮ ಹೆಸರನ್ನು ಸಿ ಅಕ್ಷರದಿಂದ ಬರೆಯುತ್ತಿದ್ದರು. ಕೆ ಅಕ್ಷರದಿಂದ ಬರೆಯುವವರೂ ಇದ್ದಾರೆ. ಯಾವುದು ಸರಿ ಎಂಬ ವಾದ ಇಲ್ಲಿ ಬೇಡ. ತಂದೆಯ ಆಧಾರ್‌ನಲ್ಲಿಯೂ ಅಂಕಪಟ್ಟಿಯಲ್ಲಿಯೂ ಅವರ ಹೆಸರು ಹೇಗಿದೆಯೋ ಮಗಳ ದಾಖಲೆಯಲ್ಲಿಯೂ ಅಕ್ಷರಶಃ ಹಾಗೆಯೇ ಇರಲಿ.

ಕೊನೆಯ ಹೆಸರನ್ನೂ ಈಗಲೇ ನಿರ್ಧರಿಸಬೇಕು. ಪಾಸ್‌ಪೋರ್ಟಿನಲ್ಲಿ ಹೆಸರು ಮತ್ತು ಕುಲನಾಮ ಎಂಬ ಎರಡು ಪ್ರತ್ಯೇಕ ಅಂಕಣಗಳಿವೆ. ಒಂದೇ ಪದದ ಹೆಸರಿದ್ದರೆ ಕೆಲವು ದೇಶಗಳಿಗೆ ಪ್ರಯಾಣಿಸುವಾಗ ತೊಂದರೆಯಾಗುತ್ತದೆ. ಒಕ್ಕದ ಹೆಸರೋ ತಂದೆಯ ಹೆಸರೋ, ಒಂದನ್ನು ಇನಿಷಿಯಲ್ಲಾಗಿಸದೆ ಬಿಡಿಸಿ ಬರೆಸಿ.

ನೋಂದಣಿಯ ದಿನ

ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಜನನದ ಮಾಹಿತಿ ಅಲ್ಲಿಂದಲೇ ನೋಂದಣಾಧಿಕಾರಿಗೆ ಹೋಗುತ್ತದೆ; ಮನೆಯಲ್ಲಿ ಆಗಿದ್ದರೆ ನೀವೇ ತಿಳಿಸಬೇಕು. ಕರ್ನಾಟಕದಲ್ಲಿ ಈ ದಾಖಲೆಗಳು ಇ-ಜನ್ಮ ತಂತ್ರಾಂಶದಲ್ಲಿ ಸೇರುತ್ತವೆ. 2023ರ ತಿದ್ದುಪಡಿ ಕಾಯಿದೆ ಜಾರಿಗೆ ಬಂದ ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರ್ಕಾರಿ ಉದ್ಯೋಗ ಮುಂತಾದವುಗಳಲ್ಲಿ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಹೀಗಾಗಿ ಅದರಲ್ಲಿ ಮೂಡಿದ ಹೆಸರು ಉಳಿದೆಲ್ಲ ದಾಖಲೆಗಳಿಗೂ ಹರಿಯುತ್ತದೆ.

ಹೆಸರು, ತಂದೆ-ತಾಯಿಯ ಹೆಸರು ಎಲ್ಲವನ್ನೂ ಎರಡೂ ಭಾಷೆಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದ ಚೀಟಿಯೊಂದನ್ನು ಕೊಂಡೊಯ್ದು ಸಿಬ್ಬಂದಿಯ ಕೈಗೆ ಕೊಡಿ, ಬಾಯಲ್ಲಿ ಹೇಳಿ ಬರೆಸಬೇಡಿ. ಮುದ್ರಿತ ಪ್ರತಿ ಕೈಗೆ ಬಂದಾಗ ಕೌಂಟರಿನ ಬಳಿಯೇ ನಿಂತು ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಚೀಟಿಯೊಡನೆ ಹೋಲಿಸಿ. ಬರಹದ ತಪ್ಪಿದ್ದರೆ ಕಾಯಿದೆಯ 15ನೆಯ ಕಲಮಿನ ಪ್ರಕಾರ ನೋಂದಣಾಧಿಕಾರಿ ಮೂಲ ನಮೂದನ್ನು ಅಳಿಸದೆ ಅಂಚಿನಲ್ಲಿ ತಿದ್ದುಪಡಿ ಬರೆಯಬಹುದು. ಆದರೆ ಮನಸ್ಸು ಬದಲಾಯಿತೆಂದು ಹೆಸರನ್ನೇ ಬದಲಿಸುವುದು ಅಫಿಡವಿಟ್ಟು, ಪತ್ರಿಕಾ ಪ್ರಕಟಣೆ, ರಾಜ್ಯಪತ್ರ ಎಂದು ಬೆಳೆಯುವ ಬೇರೆಯೇ ಕೆಲಸ.

ಪ್ರಮಾಣಪತ್ರ ಸರಿಯಾಗಿ ಬಂದ ಮೇಲೆ ಬಾಲ ಆಧಾರ್ ಮಾಡಿಸಿ, ಬಳಿಕ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ. ಆ ಖಾತೆಯನ್ನು ಅವಳಿಗೆ 10 ವರ್ಷ ತುಂಬುವುದರೊಳಗೆ ತೆರೆಯಬೇಕು. ಆಧಾರ್‌ನಲ್ಲಿ ಹೆಸರನ್ನು ಜೀವನದಲ್ಲಿ ಎರಡೇ ಸಲ ತಿದ್ದಲು ಅವಕಾಶವಿರುವುದರಿಂದ ಪೋಷಕರ ಅಜಾಗರೂಕತೆಗೆ ಅದರಲ್ಲೊಂದನ್ನು ಖರ್ಚು ಮಾಡಬೇಡಿ. ಮದುವೆಯ ಬಳಿಕ ಕೊನೆಯ ಹೆಸರನ್ನು ಬದಲಿಸಲು ಅವಳು ಬಯಸಿದರೆ ಆ ಅವಕಾಶ ಅವಳಿಗೆ ಬೇಕಾಗುತ್ತದೆ.